ರುದ್ರಯ್ಯ ಮೇಷ್ಟ್ರ ನಾಲ್ಕನೆಯ ವರ್ಷ

ಹೋದ ತಿಂಗಳು ತುಮಕೂರಿಗೆ ಹೋಗಿ, ಶೆಟ್ಟಿಹಳ್ಳಿಯಲ್ಲಿರುವ ತಂಗಿಯ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದೆ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ವರಾಂಡಕ್ಕೆ ಬಂದರೆ, ಎದುರಿನ ಖಾಲಿ ಸೈಟಿನಲ್ಲಿ ಬಡಾವಣೆಯ ಹುಡುಗರು ಶಟಲ್ ಆಡುವುದಕ್ಕೆ ನೆಲಕ್ಕೆ ನೀರು ಹಾಕಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಒದ್ದೆ ಮಣ್ಣಿನ ಮೇಲೆ ಬಿದ್ದ ಹಸಿ ಸುಣ್ಣದ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಅದು ಹಬ್ಬಕ್ಕೆ ಗೋಡೆ ಬಳಿದ ವಾಸನೆ ಇರಬಹುದು. ನನಗೆ ಹಾಗಲ್ಲ. ಲೋಟ ಹಾಗೇ ಕೆಳಗಿಟ್ಟೆ. "ಯಾಕೆ ಮಾವ, ಸಕ್ಕರೆ ಜಾಸ್ತಿ ಆಯ್ತಾ?" ಎಂದು ತಂಗಿಯ ಮಗಳು ಕೇಳಿದಳು. ಹೌದು ಅಂದೆ. ಈ ವಯಸ್ಸಿನಲ್ಲಿ ಸುಳ್ಳು ಹೇಳುವುದು ಬಹಳ ಸುಲಭ, ಮುದುಕನ ಮಾತನ್ನು ಯಾರೂ ಪರೀಕ್ಷೆ ಮಾಡಲು ಹೋಗುವುದಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲೂ ಅಷ್ಟೇ ಸುಲಭವಾಗಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಊರು ಕುಣಿಗಲ್. ಅಪ್ಪ ಅಲ್ಲಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಾನು ಕಾಲೇಜಿನ ಹಾಸ್ಟೆಲಿನಲ್ಲಿದ್ದೆ. ಎತ್ತರವಾಗಿದ್ದೆ ಎಂಬ ಒಂದೇ ಕಾರಣಕ್ಕೆ ಪಿ.ಯು.ಸಿ.ಗೆ ಸೇರಿದ ಮೊದಲ ವಾರವೇ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಎಳೆದುಕೊಂಡಿದ್ದರು. ಎಳೆದುಕೊಂಡವರು ರುದ್ರಯ್ಯ ಮೇಷ್ಟ್ರು. ಅವರೂ ಕಾಲೇಜಿಗೆ ಸೇರಿದ್ದು ಅದೇ ವರ್ಷ.

ರುದ್ರಯ್ಯ ಗುಬ್ಬಿಯವರು. ಮಿಲಿಟರಿಯಲ್ಲಿದ್ದು, ಅಲ್ಲಿ ಉತ್ತರದ ಕಡೆ ಯಾವುದೋ ಕಂಟೋನ್ಮೆಂಟಿನಲ್ಲಿ ಈ ಆಟ ಕಲಿತು, ಪಿಂಚಣಿ ಬರುವ ಮೊದಲೇ ಬಿಟ್ಟು ಬಂದಿದ್ದರು. ಕುಳ್ಳಗಿನ ಗಟ್ಟಿ ಆಳು. ಖಾಕಿ ನಿಕ್ಕರು, ಇಸ್ತ್ರಿ ಮಾಡಿದ ಬಿಳಿ ಬನಿಯನ್ನು, ಕುತ್ತಿಗೆಯಲ್ಲಿ ದಾರ ಕಟ್ಟಿದ ವಿಷಲ್ಲು. ದಿನಾ ಬೆಳಗಿನ ರೈಲಿಗೆ ಗುಬ್ಬಿಯಿಂದ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಕೆಲಸ ಖಾಯಂ ಅಲ್ಲ. ಪ್ರತಿ ವರ್ಷ ಮಾರ್ಚಿನಲ್ಲಿ ಆಟೋಟದ ಕಮಿಟಿ ಕೂತು, ಇವರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನ ಮಾಡುತ್ತಿತ್ತು.

ಅವರನ್ನು ದೇವರು ಮಾಡಲು ನಾನಿದನ್ನು ಬರೆಯುತ್ತಿಲ್ಲ. ಅವರು ಬಂದ ಮೊದಲ ವರ್ಷ ನಾವು ಆಡಿದ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ. ಎರಡನೆಯ ವರ್ಷ ಮೈಸೂರಿನಲ್ಲಿ ಗೆಲ್ಲುವ ಹಾಗಿದ್ದ ಒಂದು ಮ್ಯಾಚಿನ ಕೊನೆಯಲ್ಲಿ, ರೆಫರಿ ಕೊಟ್ಟ ಫೌಲು ತಪ್ಪೆಂದು ಅಂಗಳಕ್ಕೇ ನುಗ್ಗಿ ಜಗಳಕ್ಕೆ ನಿಂತರು. ಅದಕ್ಕೆ ಎದುರಾಳಿಗೆ ದಂಡದ ಎಸೆತ ಸಿಕ್ಕಿ ನಾವು ಸೋತೆವು. ಮ್ಯಾಚಿನ ಹೊತ್ತಿನಲ್ಲಿ ಅವರಿಗೆ ತಲೆ ಓಡುತ್ತಿರಲಿಲ್ಲ. ಆಟ ನಿಲ್ಲಿಸಿ ಹುಡುಗರಿಗೆ ಉಸಿರು ಕೊಡಬೇಕಾದಾಗ ಸುಮ್ಮನಿರುತ್ತಿದ್ದರು, ಎಲ್ಲ ಮುಗಿದ ಮೇಲೆ ಆಟ ನಿಲ್ಲಿಸುತ್ತಿದ್ದರು. ಬಾಯಲ್ಲಿ ವಿವರಿಸಿ ಹೇಳಲು ಬರುತ್ತಿರಲಿಲ್ಲ. "ಅಂಗಲ್ಲ ಕಣ್ಲಾ, ಇಂಗೆ" ಎಂದು ಚೆಂಡು ಕಿತ್ತುಕೊಂಡು ತಾವೇ ಮಾಡಿ ತೋರಿಸುತ್ತಿದ್ದರು. ನೋಡಿ ಅರ್ಥವಾದವನಿಗೆ ಆಯಿತು, ಆಗದವನಿಗೆ ಮತ್ತೊಮ್ಮೆ "ಅಂಗಲ್ಲ ಕಣ್ಲಾ". ಹಾಗಾಗಿ ಮೂರನೆಯ ವರ್ಷ ಜೂನಿನಲ್ಲಿ ಪ್ರಿನ್ಸಿಪಾಲರು ಅವರನ್ನು ಕರೆದು, ಈ ಸಲ ಅಂತರ ಕಾಲೇಜು ಪಂದ್ಯದ ಮೊದಲ ಸುತ್ತು ದಾಟದಿದ್ದರೆ ಮುಂದಿನ ವರ್ಷದ ಆಸೆ ಬಿಡಿ ಎಂದು ಹೇಳಿದರಂತೆ. ಅದು ಮಧ್ಯಾಹ್ನದೊಳಗೆ ಇಡೀ ಕಾಲೇಜಿಗೆ ಗೊತ್ತಾಯಿತು.

ಆ ವರ್ಷ ಮಳೆ ಜೋರಾಗಿತ್ತು. ನಮ್ಮದು ಮಣ್ಣಿನ ಅಂಗಳ. ಮಳೆ ಬಂದ ಮಾರನೆಯ ದಿನ ಎಮ್ಮೆ ಹೊರಳಿದ ಹಾಗೆ ಇರುತ್ತಿತ್ತು. ನಾವು ಬರುವ ಮೊದಲೇ ಮೇಷ್ಟ್ರು ಬಂದು, ಹೊಂಡಕ್ಕೆ ಮಣ್ಣು ತುಂಬಿ, ಕಲ್ಲಿನ ರೋಲರು ಎಳೆದು, ಬಕೆಟ್ಟಿನಲ್ಲಿ ಸುಣ್ಣ ಕಲಸಿ ಗೆರೆ ಎಳೆದಿರುತ್ತಿದ್ದರು. ಮತ್ತೆ ಮಳೆ, ಮತ್ತೆ ಗೆರೆ. ಸುಣ್ಣಕ್ಕೆ ಅವರ ಬೆರಳ ಸಂದು ಒಡೆದು ಕೆಂಪಾಗಿತ್ತು. ಅಮಾನಿಕೆರೆ ಏರಿಯ ಮೇಲೆ ನಮ್ಮನ್ನು ಓಡಿಸಿ, ಬಂದ ಮೇಲೆ ಒಬ್ಬೊಬ್ಬರನ್ನೇ ಬೇರೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದರು.

ನನ್ನನ್ನು ಫ್ರೀ ಥ್ರೋ ಗೆರೆಯ ಹಿಂದೆ ನಿಲ್ಲಿಸುತ್ತಿದ್ದರು. ಎದುರಾಳಿ ಫೌಲು ಮಾಡಿದಾಗ ಯಾರೂ ಅಡ್ಡ ಬಾರದ ಹಾಗೆ ರಿಂಗಿಗೆ ಎಸೆಯುವ ಅವಕಾಶ ಅದು. ತಂಡದಲ್ಲಿ ಅದನ್ನು ನನ್ನಷ್ಟು ಚೆನ್ನಾಗಿ ಹಾಕುವವರು ಇರಲಿಲ್ಲ. ತಪ್ಪಿದರೆ ಒಂದೇ ರೀತಿ ತಪ್ಪುತ್ತಿತ್ತು. ಚೆಂಡು ನೇರವಾಗಿ ಹೋಗಿ, ಗಿಡ್ಡವಾಗಿ, ರಿಂಗಿನ ಮುಂದಿನ ಅಂಚಿಗೆ ಬಡಿದು ನನ್ನ ಕಡೆಗೇ ವಾಪಸು ಬರುತ್ತಿತ್ತು. ನಿನ್ನ ಕೈ ದಾರ ಹಿಡಿದಂಗೆ ನೇರ ಐತೆ, ಮೊಣಕಾಲಲ್ಲಿ ಜೋರಿಲ್ಲ ಎಂದು ಹೇಳಿ ದಿನಾ ನೂರು ಬಸ್ಕಿ ಹೊಡೆಸುತ್ತಿದ್ದರು. ನಾನು ಅವರನ್ನು ಮನಸ್ಸಿನಲ್ಲಿ ಬೈಯುತ್ತ ಬಸ್ಕಿ ಹೊಡೆಯುತ್ತಿದ್ದೆ.

ನಮ್ಮ ಕ್ಯಾಪ್ಟನ್ ಪ್ರಭಾಕರ. ಕೊನೆಯ ವರ್ಷದ ಬಿ.ಎ. ಅವನಪ್ಪ ತುಮಕೂರಿನ ದೊಡ್ಡ ವಕೀಲರು, ಆಟೋಟದ ಕಮಿಟಿಯ ಸದಸ್ಯರು. ಪ್ರಭಾಕರನಿಗೆ ಆಟ ಹುಟ್ಟಿನಿಂದ ಬಂದಿತ್ತು, ಅಭ್ಯಾಸವೆಂದರೆ ಆಗುತ್ತಿರಲಿಲ್ಲ. ಇನ್ನೊಬ್ಬ ನಜೀರ್. ಪೇಟೆಯಲ್ಲಿ ಅವರಪ್ಪನದು ತಗಡಿನ ಟ್ರಂಕು ಮಾಡುವ ಅಂಗಡಿ. ಮೊದಲ ವರ್ಷ ಚೆಂಡು ಹಿಡಿಯಲು ಬಾರದೆ ಎದೆಗೆ ಬಡಿಸಿಕೊಳ್ಳುತ್ತಿದ್ದ, ಮೂರನೆಯ ವರ್ಷಕ್ಕೆ ಅಂಗಳದಲ್ಲಿ ಅವನ ಕೈಯಿಂದ ಚೆಂಡು ಕೀಳಲು ನಮಗೆ ಯಾರಿಗೂ ಆಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಪ್ರಭಾಕರ ಎರಡು ವಾರ ಅಭ್ಯಾಸಕ್ಕೆ ಬರಲಿಲ್ಲ. ಜ್ವರವೆಂದು ಚೀಟಿ ಕಳಿಸಿದ್ದ, ಸಂಜೆ ಟಾಕೀಸಿನ ಮುಂದೆ ನಿಂತಿರುತ್ತಿದ್ದ. ಅದೇ ಹೊತ್ತಿಗೆ ಕುಣಿಗಲ್‌ನ ಯುವಕರ ತಂಡದ ಜೊತೆ ಒಂದು ಸ್ನೇಹದ ಮ್ಯಾಚು ಗೊತ್ತಾಗಿತ್ತು. ಹೊರಡುವ ದಿನ ಪ್ರಭಾಕರ ಹೊಸ ಬೂಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಮೇಷ್ಟ್ರು ಎಲ್ಲರ ಮುಂದೆ, ಜ್ವರ ಬಿಟ್ಟ ಮೇಲೆ ಬಾ ಎಂದು ಅವನನ್ನು ಬಸ್ಸು ಹತ್ತಗೊಡಲಿಲ್ಲ.

ನಾವು ಗೆದ್ದೆವು. ಎದುರಾಳಿಗಳು ಅಂಥ ಆಟಗಾರರೇನಲ್ಲ, ಆದರೂ ಗೆದ್ದೆವು. ನಜೀರ್ ಹಾರಿದ ಹಾಗೆ ಆಡಿದ, ನಾನು ಫ್ರೀ ಥ್ರೋ ಒಂದನ್ನೂ ಬಿಡಲಿಲ್ಲ. ಕಚೇರಿ ಮುಗಿಸಿಕೊಂಡು ಅಪ್ಪ ಕೊಡೆ ಹಿಡಿದು ನೋಡಲು ಬಂದಿದ್ದರು. ಅವರಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಮ್ಯಾಚು ಮುಗಿದ ಮೇಲೆ ಮೇಷ್ಟ್ರು ನಮ್ಮನ್ನೆಲ್ಲ ದೊಡ್ಡಕೆರೆ ಏರಿಯ ಮೇಲೆ ಕೂರಿಸಿ, ಗುಬ್ಬಿಯಿಂದ ಹೆಂಡತಿ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಂಚಿದರು. ತುಂಬಿದ ಕೆರೆಯ ಗಾಳಿ ಬೀಸುತ್ತಿತ್ತು. ಅವರು ನಗುವುದನ್ನು ನಾನು ನೋಡಿದ್ದು ಅವತ್ತೇ. ನನ್ನನ್ನು ಪಕ್ಕಕ್ಕೆ ಕರೆದು ಅಪ್ಪ ಒಂದು ಮಾತು ಹೇಳಿದರು: "ಆ ಮನುಷ್ಯ ಚೆಂಡು ನೋಡಲ್ಲ ಕಣೋ. ನಿಮ್ಮ ಕೈಕಾಲು ನೋಡ್ತಾ ಇರ್ತಾನೆ."

ಆ ವರ್ಷದ ನೆನಪಿನಲ್ಲಿ ಅಸಹ್ಯವಿಲ್ಲದೆ ನೆನೆಯಬಹುದಾದ್ದು ಆ ಒಂದು ಸಂಜೆ. ಅದನ್ನೂ ನಾವು ಆಮೇಲೆ ಉಳಿಸಿಕೊಳ್ಳಲಿಲ್ಲ.

ಮುಂದಿನ ವಾರ ವಕೀಲರು ಪ್ರಿನ್ಸಿಪಾಲರ ಕೋಣೆಗೆ ಬಂದು ಹೋದರು. ಪ್ರಭಾಕರ ತಂಡಕ್ಕೆ ವಾಪಸು ಬಂದ, ಕ್ಯಾಪ್ಟನ್ನಾಗಿಯೇ ಬಂದ. ಮೇಷ್ಟ್ರು ಏನೂ ಅನ್ನಲಿಲ್ಲ. ಬರೇ ಸುಮ್ಮನಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಬಿಟ್ಟು ಅವರು ಪ್ರಭಾಕರನ ಭುಜದ ಮೇಲೆ ಕೈ ಹಾಕಿ, ನೀನಿಲ್ಲದೆ ತಂಡ ಇಲ್ಲಪ್ಪ, ಈ ವರ್ಷ ಒಂದು ನನ್ನ ಮರ್ಯಾದೆ ಉಳಿಸು ಎಂದು ಹಲ್ಲು ಕಿರಿದು ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ತಡೆದ ಮನುಷ್ಯ ಇವರೇ ಎಂದು ನಂಬುವುದು ಕಷ್ಟವಾಯಿತು. ನನಗೆ ಅವರ ಮೇಲೆ ಹೇಸಿಗೆ ಬಂತು. ಇಪ್ಪತ್ತರ ಹುಡುಗನಿಗೆ ಬರುವ ಹೇಸಿಗೆ. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಮಗಳು ಇದ್ದವನು ಕೆಲಸ ಹೋಗುತ್ತದೆಂದು ಗೊತ್ತಾದಾಗ ಹೇಗೆ ಬಗ್ಗುತ್ತಾನೆ ಎನ್ನುವುದು ತಿಳಿಯದ ಹೇಸಿಗೆ. ಆಮೇಲೆ ನಾನು ಮಾಡಿದ್ದಕ್ಕೆ ಬಹಳ ದಿನ ಅದನ್ನೇ ನೆಪವಾಗಿ ಇಟ್ಟುಕೊಂಡಿದ್ದೆ.

ಅಂತರ ಕಾಲೇಜು ಪಂದ್ಯದ ಮೊದಲ ಸುತ್ತು ಜನವರಿಯಲ್ಲಿ ನಮ್ಮದೇ ಅಂಗಳದಲ್ಲಿ. ಅದಕ್ಕೆ ಎರಡು ದಿನ ಮೊದಲು ಪ್ರಭಾಕರ ನಮ್ಮಲ್ಲಿ ನಾಲ್ವರನ್ನು ಸ್ಟೇಷನ್ ರಸ್ತೆಯ ಒಂದು ಹೋಟೆಲಿಗೆ ಕರೆದ. ನಜೀರನನ್ನು ಕರೆದಿರಲಿಲ್ಲ. ಮಸಾಲೆ ದೋಸೆ ತರಿಸಿದ. ನಿಧಾನವಾಗಿ ತಿನ್ನುತ್ತ ಹೇಳಿದ. ಈ ಮ್ಯಾಚು ಸೋತರೆ ಮುದುಕ ತೊಲಗುತ್ತಾನೆ, ಬೆಂಗಳೂರಿನಿಂದ ಒಳ್ಳೆಯ ಕೋಚನ್ನು ತರಲು ಅಪ್ಪ ಮಾತಾಡಿದ್ದಾರೆ, ಅವರ ಕೈಯಲ್ಲಿ ಆಡಿದವರು ಯೂನಿವರ್ಸಿಟಿ ತಂಡಕ್ಕೇ ಹೋಗಬಹುದು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ವರ್ಷ ನಿನ್ನನ್ನೇ ಕ್ಯಾಪ್ಟನ್ ಮಾಡಿಸ್ತೀನಿ. ನೀನೇನೂ ಮಾಡ್ಬೇಕಾಗಿಲ್ಲ, ಸ್ವಲ್ಪ ಮೈ ಹಗುರ ಬಿಟ್ಟು ಆಡು" ಎಂದ.

ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ತಟ್ಟೆಯಲ್ಲಿ ಮಿಕ್ಕಿದ್ದ ಚಟ್ನಿಯನ್ನು ಬೆರಳಲ್ಲಿ ಬಳಿದು ನೆಕ್ಕಿದೆ. ಉಳಿದವರೂ ಹಾಗೇ ಎದ್ದು ಕೈ ತೊಳೆದರು. ಒಬ್ಬ ಮನುಷ್ಯನ ಅನ್ನ ಕೀಳುವುದಕ್ಕೆ ನಾವು ಅಷ್ಟೇ ಮಾಡಿದ್ದು.

ಮ್ಯಾಚಿನ ದಿನ ಅಂಗಳದ ಸುತ್ತ ಇಡೀ ಕಾಲೇಜು ನೆರೆದಿತ್ತು. ಬೆಳಿಗ್ಗೆಯಿಂದ ಕೂತು ಮೇಷ್ಟ್ರು ಎಳೆದಿದ್ದ ಗೆರೆಗಳು ಇನ್ನೂ ಸ್ವಲ್ಪ ಹಸಿಯಾಗಿದ್ದವು. ನಾವು ಅಂದುಕೊಂಡ ಹಾಗೆ ಪಾಸು ಒಂದು ಚೂರು ತಡ ಮಾಡಿದೆವು, ಹಿಡಿಯಬೇಕಾದ ಚೆಂಡಿಗೆ ಅರ್ಧ ಹೆಜ್ಜೆ ಹಿಂದುಳಿದೆವು. ಆದರೆ ನಜೀರನಿಗೆ ಇದು ಗೊತ್ತಿರಲಿಲ್ಲವಲ್ಲ. ನಮ್ಮ ತಂಡದ ಅರ್ಧಕ್ಕಿಂತ ಹೆಚ್ಚು ಅಂಕಗಳನ್ನು ಅವನೊಬ್ಬನೇ ಹಾಕಿದ. ನಾವು ಬಿಟ್ಟದ್ದನ್ನೆಲ್ಲ ಓಡಿ ಹೋಗಿ ತಂದ, ನಮಗೇ ಪಾಸು ಕೊಟ್ಟು, ಹಾಕ್ರೋ ಹಾಕ್ರೋ ಎಂದು ಕೂಗುತ್ತಿದ್ದ. ಅವತ್ತು ಮೊದಲ ಬಾರಿಗೆ ಮೇಷ್ಟ್ರು ಸರಿಯಾದ ಹೊತ್ತಿಗೆ ಎರಡು ಸಲ ಆಟ ನಿಲ್ಲಿಸಿದರು. ಕೊನೆಯ ಕೆಲವು ಸೆಕೆಂಡು ಉಳಿದಾಗ ಒಂದೇ ಅಂಕ ಹಿಂದಿದ್ದೆವು. ನಜೀರ್ ಚೆಂಡನ್ನು ನನ್ನ ಕೈಗೆ ತುರುಕಿದ. ಎದುರಾಳಿ ನನ್ನನ್ನು ತಳ್ಳಿದ. ರೆಫರಿ ವಿಷಲ್ಲು ಊದಿದರು. ನನಗೆ ಎರಡು ಫ್ರೀ ಥ್ರೋ.

ಒಂದು ಹಾಕಿದರೆ ಸಮ, ಎರಡು ಹಾಕಿದರೆ ಗೆಲುವು. ಗೆರೆಯ ಹಿಂದೆ ನಿಂತೆ. ಸುಣ್ಣದ ವಾಸನೆ ಬರುತ್ತಿತ್ತು. ಕಣ್ಣು ಮುಚ್ಚಿ ಎಸೆದರೂ ಹೋಗುವಂಥದ್ದು. ಪ್ರಭಾಕರನ ಕಡೆ ನೋಡಿದೆ. ಅವನು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಚೆಂಡನ್ನು ಒಂದು ಗೇಣು ಬಲಕ್ಕೆ ತಳ್ಳಿದೆ. ಜನ ಅಯ್ಯೋ ಅಂದರು. ಎರಡನೆಯದನ್ನೂ ಬಲಕ್ಕೆ ತಳ್ಳಿದೆ.

ಒಂದೇ ಅಂಕದಿಂದ ಸೋತೆವು. ನಜೀರ್ ಅಂಗಳದ ಮಧ್ಯದಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ. ಮೇಷ್ಟ್ರು ಬಂದು ಅವನನ್ನು ಎಬ್ಬಿಸಿದರು. ನನ್ನ ಹತ್ತಿರ ಬಂದು ಒಂದು ಗಳಿಗೆ ಮುಖವನ್ನೇ ನೋಡಿದರು. ನಾನೂ ಅಳುವ ಮುಖ ಮಾಡಿದೆ. ಜನ ಬಂದು ನನ್ನ ಬೆನ್ನು ತಟ್ಟಿ, ಹೋಗಲಿ ಬಿಡೋ ಎಂದು ಸಮಾಧಾನ ಹೇಳಿದರು. ಆ ಸಮಾಧಾನವನ್ನೆಲ್ಲ ಹೇಳಿಸಿಕೊಂಡೆ.

ಮಾರ್ಚಿನಲ್ಲಿ ಕಮಿಟಿ ಸೇರಿತು. ಮಧ್ಯಾಹ್ನದ ಹೊತ್ತು. ಪ್ರಿನ್ಸಿಪಾಲರು, ಇಬ್ಬರು ಪ್ರೊಫೆಸರುಗಳು, ವಕೀಲರು. ತಂಡದ ಪರವಾಗಿ ಪ್ರಭಾಕರ, ನಾನು, ನಜೀರ್ ಗೋಡೆಗೆ ಒತ್ತಿ ನಿಂತಿದ್ದೆವು. ಮೇಜಿನ ಮೇಲೆ ತಟ್ಟೆಯ ತುಂಬ ಉದ್ದಿನ ವಡೆ. ಮಾತಿನ ನಡುವೆ ಅವರು ತಿನ್ನುತ್ತಲೇ ಇದ್ದರು. ವಕೀಲರು ಎಣ್ಣೆಯ ಬೆರಳನ್ನು ಎದುರಿಗಿದ್ದ ಕಾಗದಕ್ಕೆ ಒರೆಸಿಕೊಂಡರು. ಅದು ರುದ್ರಯ್ಯನವರು ಇನ್ನೊಂದು ವರ್ಷ ಕೊಡಬೇಕೆಂದು ಬರೆದುಕೊಟ್ಟಿದ್ದ ಅರ್ಜಿ.

ಮೇಷ್ಟ್ರಿಗೆ ಕುರ್ಚಿ ಹಾಕಿರಲಿಲ್ಲ. ಎರಡು ಕೈ ತೊಡೆಗೆ ಅಂಟಿಸಿ ಮಿಲಿಟರಿಯವರ ಹಾಗೆ ನಿಂತಿದ್ದರು. ಸೋಲಿಗೆ ಏನು ಕಾರಣವೆಂದು ಪ್ರಿನ್ಸಿಪಾಲರು ಕೇಳಿದರು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು.

"ಈ ಹುಡ್ಗ ಎರಡೂ ಬೇಕಂತ ಬಿಟ್ಟ ಸಾರ್."

ಅದು ನಿಮಗೆ ಹೇಗೆ ಗೊತ್ತು ಎಂದು ಪ್ರಿನ್ಸಿಪಾಲರು ಕೇಳಿದರು.

"ಮೂರು ವರ್ಷದಿಂದ ಇವ್ನ ಕೈ ನೋಡ್ತಾ ಇದೀನಿ. ಇವ್ನು ತಪ್ಪಿದ್ರೆ ಚೆಂಡು ಗಿಡ್ಡ ಬೀಳ್ತದೆ ಸಾರ್, ಪಕ್ಕಕ್ಕೆ ಹೋಗಲ್ಲ. ಒಂದು ದಿನಾನೂ ಹೋಗಿಲ್ಲ. ಅವತ್ತು ಎರಡೂ ಬಲಕ್ಕೆ ಹೋದ್ವು."

ವಕೀಲರು ನಕ್ಕುಬಿಟ್ಟರು. ಚೆಂಡು ನೋಡಿ ಜಾತಕ ಹೇಳುವ ಕೋಚು ನಮಗೆ ಸಿಕ್ಕಿದ್ದಾರೆ ಎಂದರು. ಪ್ರೊಫೆಸರುಗಳೂ ನಕ್ಕರು. ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡುತ್ತ, ನಿಜ ಹೇಳು, ಯಾರಿಗೂ ಹೆದರಬೇಡ ಎಂದರು. ಅವತ್ತು ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಮೂವರು. ಒಬ್ಬರು ಹೇಳಿ ನಗೆಪಾಟಲಾಗಿದ್ದರು. ಒಬ್ಬ ಕಿಟಕಿಯ ಆಚೆ ನೋಡುತ್ತಿದ್ದ.

"ಇಲ್ಲ ಸಾರ್. ಕೈ ಬೆವರಿತ್ತು" ಎಂದೆ.

ಇವರು ಇರಬೇಕೇ ಬೇಡವೇ, ನಿನ್ನ ಅಭಿಪ್ರಾಯ ಹೇಳು ಎಂದು ಕೇಳಿದರು. ಆಗ ನಾನು ಹೇಳಿದ ಮಾತನ್ನು ನೆನೆದರೆ ಈಗಲೂ ನಾಲಿಗೆಯ ಮೇಲೆ ಕಹಿ ಬರುತ್ತದೆ. "ಅವ್ರಿಗೆ ಆಟ ಬರುತ್ತೆ ಸಾರ್. ಕಲಿಸೋಕೆ ಬರಲ್ಲ." ಅಷ್ಟು ಹೊತ್ತೂ ನಾನು ಹೇಳಿದ್ದರಲ್ಲಿ ಅರ್ಧವಾದರೂ ನಿಜವಿದ್ದ ಮಾತು ಅದೊಂದೇ. ಅದಕ್ಕೇ ಅದು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಪ್ರೊಫೆಸರೊಬ್ಬರು, ಹುಡುಗ ಎಷ್ಟು ಸರಿಯಾಗಿ ಹೇಳಿದ ನೋಡಿ ಎಂದು ತಲೆದೂಗಿದರು.

ನಜೀರನನ್ನೂ ಕೇಳಿದರು. ಅವನಿಗೆ ಇಂಥ ಕಡೆ ಮಾತಾಡಿ ರೂಢಿಯಿಲ್ಲ. "ಅವ್ರು ಇರ್ಬೇಕು ಸಾರ್" ಎಂದ. ಯಾಕೆ ಎಂದರು. ಅವನು ತಡವರಿಸಿದ. "ಅದೆಲ್ಲ ನಂಗೊತ್ತಿಲ್ಲ ಸಾರ್. ನಂಗೆ ಚೆಂಡು ಹಿಡಿಯೋಕೂ ಬರ್ತಿರ್ಲಿಲ್ಲ. ಈಗ ಬರುತ್ತೆ." ಕಮಿಟಿಯವರು ವಡೆಯ ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ಸರಿಸಿದರು. ತನ್ನ ತಪ್ಪನ್ನು ಹುಡುಗರ ಮೇಲೆ ಹಾಕುವ ಮನುಷ್ಯ ಶಿಕ್ಷಣ ಸಂಸ್ಥೆಯಲ್ಲಿ ಇರಲು ತಕ್ಕವನಲ್ಲ ಎಂದು ವಕೀಲರು ತೀರ್ಮಾನದ ಮಾತು ಬರೆಸಿದರು.

ಹೊರಗೆ ಕಾರಿಡಾರಿನಲ್ಲಿ ನಜೀರ್ ನನ್ನ ದಾರಿಗೆ ಅಡ್ಡ ನಿಂತ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ನನ್ನ ಬಲಗೈಯನ್ನು ನೋಡಿ, ನೆಲಕ್ಕೆ ಉಗಿದು ಹೋದ. ಮತ್ತೆ ನಮ್ಮ ಅಂಗಳಕ್ಕೆ ಅವನು ಕಾಲಿಡಲಿಲ್ಲ. ಜೂನಿನಲ್ಲಿ ನಾನು ಕ್ಯಾಪ್ಟನ್ನಾದೆ. ಬೆಂಗಳೂರಿನಿಂದ ಬಂದ ಕೋಚು ಕೂಲಿಂಗ್ ಗ್ಲಾಸು ಹಾಕಿಕೊಂಡು ಮರದ ನೆರಳಲ್ಲಿ ಕೂರುತ್ತಿದ್ದರು, ನಮ್ಮಲ್ಲಿ ಒಬ್ಬನ ಹೆಸರನ್ನೂ ಸರಿಯಾಗಿ ಕಲಿಯಲಿಲ್ಲ. ಆ ವರ್ಷವೂ ಮೊದಲ ಸುತ್ತಿನಲ್ಲೇ ಸೋತೆವು. ಪ್ರಾಮಾಣಿಕವಾಗಿ ಆಡಿ ಸೋತೆವು.

ರುದ್ರಯ್ಯನವರಿಗೆ ನಾಲ್ಕನೆಯ ವರ್ಷ ಸಿಗಬೇಕಿತ್ತೇ? ಗೆಲ್ಲಿಸುವ ಕೋಚು ಅವರಲ್ಲ. ಅದನ್ನು ಈಗಲೂ ಹೇಳುತ್ತೇನೆ. ಆದರೆ ಒಬ್ಬ ಹುಡುಗನ ತಪ್ಪು ಎತ್ತ ಬೀಳುತ್ತದೆ ಎಂದು ಅಷ್ಟು ಖಚಿತವಾಗಿ ತಿಳಿದ ಮೇಷ್ಟ್ರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ನಾನೇ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದೆ, ನನಗೂ ಅದು ಬರಲಿಲ್ಲ.

ಕ್ಯಾಪ್ಟನ್ ಆಗುವುದಕ್ಕೆ ಮೊದಲು, ಅದೇ ಏಪ್ರಿಲಿನಲ್ಲಿ, ಪರೀಕ್ಷೆ ಮುಗಿದ ಮಾರನೆಯ ದಿನ ನಾನು ರೈಲು ಹತ್ತಿ ಗುಬ್ಬಿಗೆ ಹೋದೆ. ಕೇಳಿಕೊಂಡು ಮನೆ ಹುಡುಕಿದೆ. ಮೇಷ್ಟ್ರು ಅಂಗಳದಲ್ಲಿ ಯಾರದೋ ತೋಟದ ತೆಂಗಿನಕಾಯಿ ಸುಲಿಯುತ್ತಿದ್ದರು, ಕೂಲಿಗೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ತಿರುವಿ ಸಿಪ್ಪೆ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಒಂದು ಸಲ ತಲೆಯೆತ್ತಿ ಮತ್ತೆ ಕೆಲಸಕ್ಕೆ ಬಗ್ಗಿದರು. ಅವರ ಹೆಂಡತಿ ಒಳಗಿಂದ ಬಂದು, "ಕುಣಿಗಲ್ ಹುಡ್ಗ ಅಲ್ವೇನಪ್ಪ ನೀನು? ಇವ್ರು ಯಾವಾಗ್ಲೂ ನಿನ್ ವಿಷ್ಯಾನೇ ಹೇಳೋರು" ಎಂದು ಮಣೆ ಹಾಕಿ, ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು. ಆಕೆಗೆ ಏನೂ ಹೇಳಿರಲಿಲ್ಲ ಎಂದು ಗೊತ್ತಾಯಿತು.

ಆಕೆ ಒಳಗೆ ಹೋದ ಮೇಲೆ ಎಲ್ಲ ಹೇಳಿದೆ. ಹೋಟೆಲಿನದು, ಕ್ಯಾಪ್ಟನ್ ಮಾಡುತ್ತೇನೆಂದದ್ದು, ಎರಡು ಎಸೆತ. ಹೇಳುತ್ತ ಅತ್ತೆ. ಅಳು ನಿಜವಾದದ್ದೇ. ಆದರೆ ಅಳುತ್ತಿರುವ ನನ್ನನ್ನು ಅವರು ಈಗ ನೋಡುತ್ತಾರೆ, ಈಗ ಎದ್ದು ಬಂದು ಭುಜ ಹಿಡಿಯುತ್ತಾರೆ ಎಂದು ಒಳಗೆ ಇನ್ನೊಬ್ಬ ಕಾಯುತ್ತಲೂ ಇದ್ದ.

ಅವರು ಕೈಯಲ್ಲಿದ್ದ ಕಾಯಿ ಮುಗಿಸಿ ಪಕ್ಕಕ್ಕಿಟ್ಟರು.

"ಇದನ್ನ ಪ್ರಿನ್ಸಿಪಾಲ್ರ ಹತ್ರ ಹೇಳ್ತೀಯಾ?"

ನಾನು ಮಜ್ಜಿಗೆಯ ಲೋಟ ಎತ್ತಿಕೊಂಡೆ.

"ಮತ್ತೆ ನಂಗ್ಯಾಕೆ ಹೇಳ್ತೀಯ? ನಂಗೆ ಅವತ್ತೇ ಗೊತ್ತಿತ್ತಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಆಮೇಲೆ, "ಹೋಗ್ಲಿ ಬುಡು ಅಂತ ನನ್ ಬಾಯಲ್ಲಿ ಅನ್ಸ್ಕೊಂಡು ಹೋಗೋಕೆ ಬಂದಿದೀಯ. ಅದನ್ನ ನಾನು ಅನ್ನಲ್ಲ ಕಣಪ್ಪ. ಮಜ್ಜಿಗೆ ಕುಡಿದು ಹೊರಡು" ಎಂದು ಇನ್ನೊಂದು ಕಾಯಿ ಎತ್ತಿಕೊಂಡರು.

ಮಜ್ಜಿಗೆ ಕುಡಿದೆ. ಒಗ್ಗರಣೆ ಹಾಕಿದ ಒಳ್ಳೆಯ ಮಜ್ಜಿಗೆ, ಪೂರ್ತಿ ಕುಡಿದೆ. ಸ್ಟೇಷನ್ನಿಗೆ ನಡೆದು ಬಂದು ತುಮಕೂರಿನ ರೈಲಿಗೆ ಕಾದು ಕೂತೆ. ದಾರಿಯುದ್ದಕ್ಕೂ ಪ್ರಿನ್ಸಿಪಾಲರ ಮುಂದೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಮೊದಲನೆಯ ವಾಕ್ಯ, ಎರಡನೆಯ ವಾಕ್ಯ, ಎಲ್ಲ ಸರಿಯಾಗಿ ಬಂತು. ಪ್ರಿನ್ಸಿಪಾಲರ ಮನೆ ತುಮಕೂರು ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಇನ್ನೂ ಬಿಸಿಲಿತ್ತು, ಅವರು ಆ ಹೊತ್ತಿನಲ್ಲಿ ಮನೆಯ ಮುಂದೆ ಗಿಡಗಳಿಗೆ ನೀರು ಹಾಕುತ್ತಿರುತ್ತಾರೆ ಎನ್ನುವುದೂ ಗೊತ್ತಿತ್ತು. ರೈಲಿನಿಂದ ಇಳಿದೆ. ಬಸ್ ಸ್ಟ್ಯಾಂಡಿಗೆ ನಡೆದು, ಕುಣಿಗಲ್ ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು ಊರಿಗೆ ಹೋದೆ.